ಹಿಂದಿನ ಎರಡು ಚೂರು

ಪೂವಪ್ಪಣ್ಣ ತೀರಿಕೊಂಡದ್ದು ಊರಿನಲ್ಲಿ, ಮೇ ತಿಂಗಳ ಕೊನೆಗೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬದುಕುತ್ತಾರೋ ಇಲ್ಲವೋ ಎಂದು ಕೊನೆಯವರೆಗೆ ಕಾಯಿಸುವ ಆಟ ಇಲ್ಲಿ ಬೇಡ. ಅವರ ಹೊಟ್ಟೆಯೊಳಗೆ ಬೆಳೆಯುತ್ತಿದ್ದದ್ದು ಜನವರಿಯಲ್ಲೇ ಚಂದ್ರಮತಿಯ ಕಣ್ಣೆದುರಿಗೆ, ಕಂಪ್ಯೂಟರಿನ ಪರದೆಯ ಮೇಲೆ, ನಾಲ್ಕು ಅಂಕಿಗಳಾಗಿ ಬಂದು ನಿಂತಿತ್ತು. ಅವಳು ಅವನ್ನು ಸರಿಯಾಗಿ ಬರೆದುಕೊಂಡಳು. ಆಮೇಲೆ ಹದಿನಾರು ವರ್ಷಗಳ ಪದ್ಧತಿಯಂತೆ ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದಳು.

ಚಂದ್ರಮತಿ ಕಿನ್ನಿಗೋಳಿ ಕಡೆಯವಳು. ದುಬೈಯ ಅಲ್ ಬರ್ಷಾದ ಒಂದು ಕಟ್ಟಡದ ಎರಡನೇ ಮಹಡಿಯ ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಟೂತ್‌ಪೇಸ್ಟ್ ಮಾಡುವ ಕಂಪೆನಿಗಳು ತಮ್ಮ ಪೇಸ್ಟು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆಗೆ ಕಳಿಸುವ ಜಾಗ ಅದು. ಹಲ್ಲಿನ ಹೊರಕವಚವಾದ ಎನಾಮಲ್ಲಿಗೆ ಹುಳಿ ತಾಗಿದರೆ ಅದರೊಳಗಿನ ಸುಣ್ಣದಂಶ ಕರಗಿ ಮೆತ್ತಗಾಗುತ್ತದೆ. ಎಂಜಲಿನಿಂದ, ಪೇಸ್ಟಿನಿಂದ ಸ್ವಲ್ಪ ಸ್ವಲ್ಪವೇ ಮತ್ತೆ ತುಂಬಿಕೊಂಡು ಗಟ್ಟಿಯಾಗುತ್ತದೆ. ಎಷ್ಟು ಮೆತ್ತಗಾಯಿತು, ಎಷ್ಟು ಗಟ್ಟಿಯಾಯಿತು ಎಂದು ಅಳೆಯುವುದೇ ಅವಳ ಹೊಟ್ಟೆಪಾಡು. ಕಿತ್ತ ಹಲ್ಲನ್ನು ವಜ್ರದ ಗರಗಸದಲ್ಲಿ ಅವಲಕ್ಕಿಯಷ್ಟು ಸಣ್ಣ ಚೂರುಗಳಾಗಿ ಕೊಯ್ಯುತ್ತಾಳೆ, ಕನ್ನಡಿಯಂತೆ ಉಜ್ಜುತ್ತಾಳೆ, ಯಂತ್ರದ ಕೆಳಗಿಟ್ಟು ಕಣ್ಣಿಗೆ ಕಾಣದ ವಜ್ರದ ಮೊನೆಯಿಂದ ಒತ್ತಿಸುತ್ತಾಳೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಶಂಕರಪೋಳಿ ಆಕಾರದ ಗುಳಿ ಬಿದ್ದಿರುತ್ತದೆ. ಗುಳಿ ದೊಡ್ಡದಾದರೆ ಚೂರು ಮೆತ್ತಗೆ, ಸಣ್ಣದಾದರೆ ಗಟ್ಟಿ. ಈ ಕೆಲಸದಲ್ಲಿ ಅವಳ ಕೈಗೆ ಸಮನಾದ ಕೈ ಆ ಲ್ಯಾಬಿನಲ್ಲಿ ಇನ್ನೊಂದಿರಲಿಲ್ಲ, ಮತ್ತು ಅದು ಅವಳಿಗೆ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಪೂವಪ್ಪಣ್ಣ ಅದೇ ಲ್ಯಾಬಿನ ವ್ಯಾನು ಓಡಿಸುತ್ತಿದ್ದವರು. ಸುಳ್ಯದ ಕಡೆಯವರು, ಐವತ್ತಾರು ವಯಸ್ಸು, ದುಬೈಯಲ್ಲಿ ಇಪ್ಪತ್ತೆರಡು ವರ್ಷ. ಕ್ಲಿನಿಕ್ಕುಗಳಿಂದ ಕಿತ್ತ ಹಲ್ಲಿನ ಡಬ್ಬಿಗಳನ್ನು ತರುವುದು, ರಿಪೋರ್ಟು ಮುಟ್ಟಿಸುವುದು ಅವರ ಕೆಲಸ. ಇಬ್ಬರದೂ ವಾಸ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅವಳದ್ದು ಒಂದು ಕೋಣೆಯ ಫ್ಲಾಟು, ಅವರದ್ದು ಆರು ಜನ ಇರುವ ಬ್ಯಾಚುಲರ್ ರೂಮು. ಹಾಗಾಗಿ ಸಂಜೆ ಅವಳು ವ್ಯಾನಿನಲ್ಲೇ ಬರುತ್ತಿದ್ದಳು. ಅವಳ ಗಂಡ ಅಬುಧಾಬಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ, ಶನಿವಾರ ಬಂದು ಭಾನುವಾರ ಹೋಗುವವನು. ವಾರದ ಐದು ದಿನ ಅವಳ ಕಷ್ಟಸುಖದ ಮಾತೆಲ್ಲ ಬೀಳುತ್ತಿದ್ದದ್ದು ಪೂವಪ್ಪಣ್ಣನ ಕಿವಿಗೆ. ಹತ್ತು ವರ್ಷ ದೊಡ್ಡವರಾದರೂ ಅವರಿಗೆ ಅವಳು ಅಕ್ಕ, ಅವಳಿಗೆ ಅವರು ಅಣ್ಣ. ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತ ಖೈಲ್ ರೋಡಿನ ಟ್ರಾಫಿಕ್ಕನ್ನು ಇಬ್ಬರೂ ಕಳೆಯುತ್ತಿದ್ದರು.

ಆ ಜನವರಿಯಲ್ಲಿ ಲ್ಯಾಬಿಗೆ ಒಂದು ಹೊಸ ಪೇಸ್ಟಿನ ಪರೀಕ್ಷೆ ಬಂತು. ಗಾಜಿನ ಬಟ್ಟಲಿನಲ್ಲಿ ಮಾಡುವ ಪರೀಕ್ಷೆಯಲ್ಲ, ಮನುಷ್ಯರ ಬಾಯೊಳಗೇ ಮಾಡಬೇಕಾದದ್ದು. ಹನ್ನೆರಡು ಮಂದಿಯ ಅಂಗುಳಿನ ಅಚ್ಚು ತೆಗೆದು ಗುಲಾಬಿ ಬಣ್ಣದ ಪ್ಲೇಟು ಮಾಡಬೇಕು. ಒಂದೊಂದು ಪ್ಲೇಟಿನಲ್ಲಿ ಮೊದಲೇ ಹುಳಿಯಲ್ಲಿಟ್ಟು ಸ್ವಲ್ಪ ಮೆತ್ತಗೆ ಮಾಡಿದ ನಾಲ್ಕು ಚೂರು ಕೂರಿಸಬೇಕು: ಮುಂದಿನ ಹಲ್ಲುಗಳ ಹಿಂದೆ ಎರಡು, ಗಂಟಲ ಕಡೆಗೆ ಎರಡು. ಅದನ್ನು ಹದಿನಾಲ್ಕು ದಿನ ಹಗಲೂ ರಾತ್ರಿ ಬಾಯಲ್ಲಿಟ್ಟುಕೊಳ್ಳಬೇಕು. ತಿನ್ನುವಾಗ ಕುಡಿಯುವಾಗ ಮಾತ್ರ ತೆಗೆಯಬೇಕು, ದಿನಕ್ಕೆ ಎಂಟು ಸಲ ಹೊರಗೆ ತೆಗೆದು ಚೂರಿನ ಮೇಲೆ ಸಕ್ಕರೆ ನೀರು ಬಿಡಬೇಕು, ಮೂರು ಸಲ ಪೇಸ್ಟು ಹಚ್ಚಬೇಕು. ಹದಿನಾಲ್ಕು ದಿನದ ಮೇಲೆ ಚೂರು ಎಷ್ಟು ಗಟ್ಟಿಯಾಗಿದೆ ಎಂದು ನೋಡುವುದು.

ಹನ್ನೊಂದು ಜನ ಸಿಕ್ಕಿದರು. ಹನ್ನೆರಡನೆಯವನು ಕೊನೆಯ ದಿನ ಕೈಕೊಟ್ಟ. ಲ್ಯಾಬಿನ ಮುಖ್ಯಸ್ಥೆ ಡಾ. ನತಾಶಾ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದರು. ಆ ಸಂಜೆ ವ್ಯಾನಿನಲ್ಲಿ ಚಂದ್ರಮತಿ ಪೂವಪ್ಪಣ್ಣನ ಬೆನ್ನು ಹತ್ತಿದಳು.

"ನಿಮ್ಮ ಹಲ್ಲು ಇಪ್ಪತ್ತೆಂಟೂ ಗಟ್ಟಿ ಉಂಟಲ್ಲ ಅಣ್ಣ. ಎರಡು ವಾರ ಒಂದು ಪ್ಲೇಟು ಇಟ್ಟುಕೊಳ್ಳಿ ಮಾರಾಯ್ರೆ. ನನ್ನ ಮರ್ಯಾದೆ ಉಳೀತದೆ."

"ಯಾರದ್ದೋ ಹಲ್ಲಿನ ಚೂರು ನನ್ನ ಬಾಯೊಳಗೆ! ಸತ್ತವರದ್ದಲ್ಲ ಅಲ್ವಾ?"

"ಛೆ, ಸಾಲು ಸರಿ ಮಾಡ್ಲಿಕ್ಕೆ ಅಂತ ಮಕ್ಕಳಿಗೆ ಕೀಳ್ತಾರಲ್ಲ, ಆ ಹಲ್ಲು. ಕ್ಲೀನ್ ಮಾಡಿಸಿಯೇ ಇಡುವುದು."

ಪೂವಪ್ಪಣ್ಣ ನಕ್ಕರು. ಒಂದು ರೌಂಡಬೌಟು ದಾಟಿದ ಮೇಲೆ ಕೇಳಿದರು, "ಅದರಲ್ಲಿ ನಿಮಗೆ ಎಂಥೆಲ್ಲ ಗೊತ್ತಾಗ್ತದೆ ಅಕ್ಕ?"

ಇಲ್ಲಿ ಚಂದ್ರಮತಿ ಒಂದು ಮಾತು ಹೇಳಿದಳು. ಹೇಳಬೇಕಾಗಿರಲಿಲ್ಲ. ಇಡೀ ದಿನ ಡಾಕ್ಟರ ಕಿರಿಕಿರಿ ಕೇಳಿ ಬಂದಿದ್ದಳು, ತನ್ನ ಕೆಲಸವೂ ದೊಡ್ಡದೇ ಎಂದು ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು.

"ಎಲ್ಲ ಗೊತ್ತಾಗ್ತದೆ ಅಣ್ಣ! ಮನುಷ್ಯ ಎಂಥ ತಿಂದ, ಎಂಥ ಕುಡಿದ, ಒಳಗೆ ಆರೋಗ್ಯ ಹೇಗುಂಟು, ಎಲ್ಲ ಆ ಚೂರಿನಲ್ಲಿ ಬರ್ದಿರ್ತದೆ. ಬಾಯಿ ಬಿಟ್ಟು ಹೇಳುವುದೇ ಬೇಡ. ನಾನು ನೋಡಿದ್ರೆ ಆಯ್ತು."

"ಹೌದಾ?" ಎಂದರು ಪೂವಪ್ಪಣ್ಣ. ಡ್ರ್ಯಾಗನ್ ಮಾರ್ಟಿನ ಹತ್ತಿರ ಸಿಗ್ನಲ್ಲಿಗೆ ನಿಂತಾಗ ಅವಳ ಕಡೆ ತಿರುಗಿ, "ಹಾಗಾದ್ರೆ ಇಟ್ಟುಕೊಳ್ತೇನೆ. ನೀವೇ ನೋಡುವುದಲ್ವಾ?" ಎಂದರು. ಅವಳು ಹೌದೆಂದಳು. ಇಷ್ಟು ಬೇಗ ಒಪ್ಪಿದರಲ್ಲ ಎಂದು ಖುಷಿಯಾಯಿತು.

ಮಾರನೆಯ ದಿನ ಫಾರ್ಮು ತುಂಬಿಸಬೇಕಿತ್ತು. ಇಪ್ಪತ್ತು ಪ್ರಶ್ನೆಗಳ ಇಂಗ್ಲಿಷ್ ಫಾರ್ಮು. ಒಂದೊಂದನ್ನೂ ಅವರವರ ಭಾಷೆಯಲ್ಲಿ ಓದಿ ಹೇಳಿ ಉತ್ತರ ಬರೆದುಕೊಳ್ಳಬೇಕೆಂಬುದು ನಿಯಮ. ಉಳಿದ ಹನ್ನೊಂದು ಜನರ ಎದುರು ಚಂದ್ರಮತಿ ಚಾಚೂ ತಪ್ಪದೆ ಹಾಗೆಯೇ ಮಾಡಿದ್ದಳು. ಪೂವಪ್ಪಣ್ಣನ ಸರದಿಗೆ ಮಾತ್ರ ಅವರ ಹೆಸರು, ವಯಸ್ಸು ಬರೆದು, ಸಕ್ಕರೆ ಕಾಯಿಲೆಯೇ? ಇಲ್ಲ. ಸಿಗರೇಟೇ? ಇಲ್ಲ. ಔಷಧಿಯೇ? ಇಲ್ಲ. ಹೀಗೆ ಮೇಲಿನಿಂದ ಕೆಳಗಿನವರೆಗೆ ತಾನೇ 'ಇಲ್ಲ' ಎಂದು ಟಿಕ್ ಹಾಕುತ್ತ ಹೋದಳು. ಒಂಬತ್ತನೇ ಪ್ರಶ್ನೆ ಹುಳಿತೇಗು, ಎದೆಯುರಿ, ವಾಂತಿಯ ಬಗ್ಗೆ ಇತ್ತು. ಅದಕ್ಕೂ ಇಲ್ಲ. ನಮ್ಮ ಪೂವಪ್ಪಣ್ಣ ತಾನೇ, ಇವರನ್ನು ಕೇಳುವುದೇನು ಎಂದುಕೊಂಡಳು. ಪರಿಚಯ ಹೆಚ್ಚಾದಲ್ಲಿ ನಮ್ಮವರು ಮಾಡುವ ತಪ್ಪೇ ಇದು: ಪರಕೀಯರನ್ನು ನೂರು ಕೇಳುತ್ತೇವೆ, ನಮ್ಮವರನ್ನು ಒಂದೂ ಕೇಳುವುದಿಲ್ಲ. ಅವರು ಅವಳು ತೋರಿಸಿದ ಕಡೆ ಸಹಿ ಹಾಕಿದರು.

ಹದಿನಾಲ್ಕು ದಿನ ಕಳೆಯಿತು. ಪೂವಪ್ಪಣ್ಣ ಒಂದು ದಿನವೂ ತಪ್ಪಿಸಲಿಲ್ಲ. ಸಕ್ಕರೆ ನೀರಿನ ಎಂಟು ಹೊತ್ತನ್ನೂ ಪುಟ್ಟ ಡೈರಿಯಲ್ಲಿ ಬರೆದಿಟ್ಟಿದ್ದರು. ಪ್ಲೇಟು ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಉಳಿದ ಹನ್ನೊಂದು ಮಂದಿಯ ಚೂರುಗಳು ಗಟ್ಟಿಯಾಗಿದ್ದವು. ಇನ್ನೂರ ಇಪ್ಪತ್ತರಿಂದ ಹೊರಟ ಅಂಕಿ ಇನ್ನೂರ ನಲವತ್ತಕ್ಕೆ, ಐವತ್ತಕ್ಕೆ ಏರಿತ್ತು. ಹನ್ನೆರಡನೇ ಪ್ಲೇಟಿನ ಮುಂದಿನ ಎರಡು ಚೂರು ಇನ್ನೂರ ಮೂವತ್ತೆಂಟು, ಇನ್ನೂರ ಮೂವತ್ತೊಂದು. ಹಿಂದಿನ ಎರಡು ನೂರ ನಲವತ್ತೆರಡು, ನೂರ ಇಪ್ಪತ್ತೊಂದು. ಚಂದ್ರಮತಿ ಹುಬ್ಬೇರಿಸಿದಳು, ಇನ್ನೊಮ್ಮೆ ಅಳೆದಳು, ಅದೇ ಬಂತು. ಸರಾಸರಿ ನೂರ ಎಂಬತ್ತಮೂರು. ವರದಿಗೆ ಹೋಗುವುದು ಸರಾಸರಿ ಒಂದೇ. ನಾಲ್ಕು ಚೂರು ಕೂರಿಸುವುದೇ ಒಂದು ಬಿದ್ದುಹೋದರೆ ಇನ್ನೊಂದಿರಲಿ ಎಂದು. ಯಾವುದು ಎಲ್ಲಿ ಕೂತಿತ್ತು ಎಂದು ಯಾರೂ ಕೇಳುವ ರೂಢಿ ಇರಲಿಲ್ಲ.

"ಚಂದ್ರಾ, ನಂಬರ್ ಟ್ವೆಲ್ವ್ ಏನಿದು?" ಡಾ. ನತಾಶಾ ಕೇಳಿದರು. ಮಂಗಳೂರು ಮೂಲದವರಾದರೂ ಮುಂಬೈಯಲ್ಲಿ ಬೆಳೆದವರು, ಅವರ ಕನ್ನಡ ಅರ್ಧ ಇಂಗ್ಲಿಷ್. "ಎಲ್ಲರದ್ದು ಅಪ್, ಇವರದ್ದು ಡೌನ್. ಪ್ಲೇಟ್ ಹಾಕಿಕೊಂಡೇ ಜ್ಯೂಸ್ ಕುಡಿದಿದ್ದಾರೆ, ಅಷ್ಟೆ. ಕೇಳಿ ಅವರನ್ನ. ರೂಲ್ ಬ್ರೇಕ್ ಆಗಿದ್ರೆ ಹಾಗೇ ಬರೆಯಿರಿ, ಅವರ ಹತ್ರ ಇನ್ನೊಮ್ಮೆ ಮಾಡಿಸಿ."

ಜ್ಯೂಸು ಎಂದ ಕೂಡಲೇ ಚಂದ್ರಮತಿಗೆ ಹೊಳೆಯಿತು. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿ ಬಂದವಳು ಪೂವಪ್ಪಣ್ಣನಿಗೆ ಒಂದು ಬಾಟಲಿ ಪುನರ್ಪುಳಿ ಶರಬತ್ತು ತಂದುಕೊಟ್ಟಿದ್ದಳು. ಹುಳಿ ಎಂದರೆ ಹುಳಿ, ಎರಡು ಲೋಟ ಕುಡಿದರೆ ಹಲ್ಲು ಚುಳ್ಳೆನ್ನುವಂಥದ್ದು. ತಾನೇ ಕೊಟ್ಟ ಬಾಟಲಿ ತನ್ನದೇ ಪರೀಕ್ಷೆಯನ್ನು ಕೆಡಿಸಿತಲ್ಲ ಎಂದು ಅವಳಿಗೆ ತನ್ನ ಮೇಲೂ ಅವರ ಮೇಲೂ ಸಿಟ್ಟು ಬಂತು. ಸಂಜೆ ವ್ಯಾನು ಹತ್ತಿದವಳೇ ಶುರು ಮಾಡಿದಳು.

"ಎಂಥ ಅಣ್ಣ, ನನ್ನ ತಲೆಗೆ ತಂದಿಟ್ಟಿರಲ್ಲ! ಚೂರು ಎರಡೆರಡು ಸಲ ಅಳೆದು ನೋಡಿದೆ."

ಪೂವಪ್ಪಣ್ಣನ ಕೈ ಗೇರಿನ ಮೇಲೇ ನಿಂತಿತು. "ಎಂಥ ಕಂಡಿತು?"

"ಹುಳಿ ಕಂಡಿತು. ಕರಗಿ ಹೋಗಿದೆ. ಪುನರ್ಪುಳಿ ಕುಡಿದ್ರಿ ಅಲ್ವಾ ಪ್ಲೇಟು ಬಾಯಲ್ಲಿಟ್ಟುಕೊಂಡು? ಸತ್ಯ ಹೇಳಿ."

ಅವರು ಅವಳನ್ನೇ ನೋಡಿದರು. "ಪುನರ್ಪುಳಿಯಿಂದವಾ ಅದು?"

"ಮತ್ತೆ? ಹುಳಿ ಎಲ್ಲಿಂದ ಬರ್ತದೆ?"

"ಕುಡಿದದ್ದು ಹೌದು," ಎಂದರು ನಿಧಾನವಾಗಿ. "ಪ್ಲೇಟು ತೆಗ್ದೇ ಕುಡಿದದ್ದು ಅಂತ ನನ್ನ ನೆನಪು. ಒಂದೆರಡು ಸಲ ಮರೆತಿರ್ಬೇಕು." ಆಮೇಲೆ, ವ್ಯಾನು ಪಾರ್ಕಿಂಗಿನಿಂದ ಹೊರಬಿದ್ದ ಮೇಲೆ, "ಬೇರೆ ಎಂಥದೂ ಕಾಣ್ಲಿಲ್ವಾ ಅಕ್ಕ?"

"ಬೇರೆ ಎಂಥ ಕಾಣ್ಬೇಕು? ಉಳಿದದ್ದೆಲ್ಲ ಸರಿಯೇ ಉಂಟು. ಆ ಬಾಟ್ಲಿ ಎಸೀರಿ ಮೊದಲು. ಇನ್ನೊಂದು ಹದಿನಾಲ್ಕು ದಿನ ಮಾಡ್ಬೇಕು ನೀವು."

ಪೂವಪ್ಪಣ್ಣ ದೊಡ್ಡದೊಂದು ಉಸಿರು ಬಿಟ್ಟರು. ಆ ಸಂಜೆ ಅವರು ತುಂಬ ಮಾತಾಡಿದರು. ಮಗಳು ಯಶ್ಮಿತಾಳ ನರ್ಸಿಂಗ್ ಓದಿನ ಕೊನೆಯ ವರ್ಷದ ಬಗ್ಗೆ, ರೂಮಿನ ರಾಝಿಕ್ ಮಾಡುವ ಮೀನು ಸಾರಿನ ಬಗ್ಗೆ. ಬೈಸಿಕೊಂಡೂ ಇಷ್ಟು ಖುಷಿಯಲ್ಲಿರುವವರನ್ನು ತಾನು ನೋಡಿಯೇ ಇಲ್ಲ ಎಂದುಕೊಂಡು ಚಂದ್ರಮತಿ ತನ್ನ ಬಿಲ್ಡಿಂಗಿನೆದುರು ಇಳಿದಳು. ಇಳಿಯುವಾಗ ವ್ಯಾನಿನ ಬಾಗಿಲ ಪಾಕೀಟಿನಲ್ಲಿ ಮಡಚಿಟ್ಟ ಪ್ಲಾಸ್ಟಿಕ್ ಚೀಲಗಳು ಕಂಡವು, ಹತ್ತೋ ಹದಿನೈದೋ. ಗಂಡಸರಿಗೂ ಚೀಲ ಕೂಡಿಡುವ ಹುಚ್ಚು ಎಂದು ನಗು ಬಂತು.

ಮಾರನೆಯ ದಿನ ವರದಿಯ ಹನ್ನೆರಡನೇ ಸಾಲಿನಲ್ಲಿ 'ಸ್ವಯಂಸೇವಕ ನಿಯಮ ಪಾಲಿಸಿಲ್ಲ' ಎಂದು ಟೈಪು ಮಾಡಿದಳು.

ಎರಡನೇ ಸುತ್ತು ರಂಜಾನ್ ತಿಂಗಳಲ್ಲಿ ಬಿತ್ತು. ಲ್ಯಾಬು ಮಧ್ಯಾಹ್ನ ಎರಡೂವರೆಗೇ ಮುಚ್ಚುತ್ತಿತ್ತು. ಉಪವಾಸ ಇಲ್ಲದವರು ಪ್ಯಾಂಟ್ರಿಯ ಬಾಗಿಲು ಹಾಕಿಕೊಂಡು ಒಳಗೇ ತಿನ್ನುತ್ತಿದ್ದರು. ಈ ಸಲ ಚಂದ್ರಮತಿ ಪೂವಪ್ಪಣ್ಣನ ಮೇಲೆ ಕಣ್ಣಿಟ್ಟಳು. ಮರೆತು ಏನಾದರೂ ಕುಡಿದರೆ ಎಂದು, ಅಷ್ಟೇ. ಅವರು ಡಬ್ಬಿಯಿಂದ ನಾಲ್ಕು ತುತ್ತು ಮೊಸರನ್ನ ತಿಂದು ಮುಚ್ಚಿಡುತ್ತಿದ್ದರು.

"ಇಷ್ಟೇ ಸಾಕಾ?"

"ರಾಝಿಕ್ ಎಲ್ಲ ಉಪವಾಸ ಅಲ್ವಾ. ನಮಗೂ ತಿನ್ಲಿಕ್ಕೆ ನಾಚಿಕೆ ಆಗ್ತದೆ. ಸಂಜೆ ಅವರ ಜೊತೆಯೇ ಸರಿಯಾಗಿ ತಿಂತೇನೆ."

ಒಳ್ಳೆಯ ಮನುಷ್ಯ ಎಂದುಕೊಂಡಳು. ಬೆಲ್ಟಿಗೆ ಹೊಸ ತೂತು ಬಿದ್ದದ್ದನ್ನು ನೋಡಿ, "ರಂಜಾನ್ ಡಯಟ್ಟಾ ಅಣ್ಣ? ಹುಡುಗನ ಹಾಗೆ ಆಗಿದ್ದೀರಿ," ಎಂದು ಚುಡಾಯಿಸಿದಳು. ಅವರೂ ನಕ್ಕರು. ಆಮೇಲೆ ವಾಶ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ತುಂಬ ಹೊತ್ತು ಸುರಿಯಿತು. ಪ್ಲೇಟನ್ನು ಚೆನ್ನಾಗಿ ತೊಳೆಯಬೇಕೆಂದು ತಾನೇ ಹೇಳಿದ್ದಳಲ್ಲ, ಎಷ್ಟು ಶ್ರದ್ಧೆ ಎಂದು ಮೆಚ್ಚಿಕೊಂಡಳು. ನೋಡುವ ಕಣ್ಣಿದ್ದರೂ ನೋಡಬೇಕಾದದ್ದು ಮೊದಲೇ ತೀರ್ಮಾನವಾಗಿದ್ದರೆ ಏನು ಕಂಡರೇನು? ಅವಳ ಮೇಲೆ ನನಗೆ ಸಿಟ್ಟಿದೆ, ಮತ್ತು ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಮೆಚ್ಚಿಕೊಳ್ಳುತ್ತಿದ್ದರೆಂದೂ ಗೊತ್ತಿದೆ.

ಹದಿನೈದನೇ ದಿನ ಬೆಳಿಗ್ಗೆ ಪ್ಲೇಟು ಬಂತು. ಚಂದ್ರಮತಿ ಚೂರುಗಳನ್ನು ಬಿಡಿಸಿ ಯಂತ್ರದ ಕೆಳಗಿಟ್ಟಳು. ಮೊದಲನೆಯದು ಇನ್ನೂರ ಇಪ್ಪತ್ತಾರು. ಎರಡನೆಯದು ಇನ್ನೂರ ಹತ್ತೊಂಬತ್ತು. ಮೂರನೆಯದರ ಮೇಲೆ ವಜ್ರ ಒತ್ತಿತು, ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಶಂಕರಪೋಳಿ ಇರಲಿಲ್ಲ. ಅಂಚೇ ಇಲ್ಲದ ಒಂದು ತಗ್ಗು. ಜಾಗ ಬದಲಿಸಿ ಮತ್ತೆ ಒತ್ತಿಸಿದಳು. ಮತ್ತೆ ಅದೇ. ನಾಲ್ಕನೆಯದೂ ಹಾಗೆಯೇ; ಅವಳು ಉಜ್ಜಿ ಹೊಳೆಸಿದ್ದ ಮೇಲ್ಮೈ ಪೂರ್ತಿ ಹೋಗಿತ್ತು.

ಅಂಕಿ ಇಲ್ಲದ ಮೇಲೆ ಸರಾಸರಿ ಹೇಗೆ ತೆಗೆಯುವುದು? ಹಾಗಾಗಿ ಆ ದಿನ ಮೊದಲ ಬಾರಿಗೆ ಅವಳು ನಾಲ್ಕು ಚೂರನ್ನು ನಾಲ್ಕಾಗಿಯೇ ನೋಡಿದಳು. ಮುಂದಿನವು ನೆಟ್ಟಗಿವೆ, ಹಿಂದಿನವು ಕರಗಿವೆ. ಕುಡಿದ ಹುಳಿಯಾದರೆ ಮೊದಲು ಮುಂದಿನ ಚೂರಿಗೆ ತಾಗಬೇಕು. ಗಂಟಲ ಕಡೆಯ ಚೂರು ಮಾತ್ರ ಹೀಗೆ ಹೋಗಬೇಕಾದರೆ ಹುಳಿ ಬಂದದ್ದು ಹೊರಗಿನಿಂದಲ್ಲ. ನಲ್ಲಿಯ ನೀರು, ಮೊಸರನ್ನ, ಬೆಲ್ಟಿನ ತೂತು, ಪ್ಲಾಸ್ಟಿಕ್ ಚೀಲ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು.

ಡಾ. ನತಾಶಾರ ಕೋಣೆಗೆ ಹೋಗಿ ಹೇಳಿದಳು. ಅವರು ಪರದೆಯನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ಸ್ಟಮಕ್ ಆಸಿಡ್. ದಿನಾ ವಾಂತಿ ಆಗ್ತಿದೆ ಇವರಿಗೆ. ಫಾರ್ಮಲ್ಲಿ ನೋ ಅಂತ ಇದೆಯಲ್ಲ ಚಂದ್ರಾ? ಕೇಳಿದ್ರಿ ತಾನೇ?"

ಚಂದ್ರಮತಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಪಾರ್ಕಿಂಗಿಗೆ ಓಡಿದಳು.

ಪೂವಪ್ಪಣ್ಣ ವ್ಯಾನಿನ ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದರು. ಅವಳ ಮುಖ ನೋಡಿ ಎದ್ದು ನಿಂತರು.

"ಅಣ್ಣ, ನಿಮಗೆ ವಾಂತಿ ಆಗ್ತದಾ?"

"ಆಗ್ತದೆ."

"ಯಾವತ್ತಿಂದ?"

"ದೀಪಾವಳಿ ಕಳೆದ ಮೇಲೆ. ಮೊದಲು ತಿಂದ್ರೆ ಮಾತ್ರ ಇತ್ತು. ಈಗ ಮಲಗಿದ್ರೂ ಹುಳಿನೀರು ಬರ್ತದೆ. ಪ್ಲೇಟು ತೆಗೀಲಿಕ್ಕೆ ಪುರುಸೊತ್ತು ಸಿಗುದಿಲ್ಲ."

"ಅಯ್ಯೋ ದೇವರೇ! ಯಾಕೆ ಹೇಳ್ಲಿಲ್ಲ ಮಾರಾಯ್ರೆ? ಇಷ್ಟು ದಿನ ನನ್ನ ಎದುರೇ ಇದ್ರಲ್ಲ!"

ಅವರು ಅವಳನ್ನು ಅಚ್ಚರಿಯಿಂದ ನೋಡಿದರು. "ಹೇಳ್ಲಿಕ್ಕೆ ಎಂಥ ಉಂಟು ಅಕ್ಕ? ನೀವು ನೋಡಿದ್ರಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಸುಸ್ತಿಗೆ ಏನೋ ಒಂದು ಹೇಳುತ್ತಿದ್ದಾರೆ ಎಂದುಕೊಂಡಳು. "ಡಾಕ್ಟರ ಹತ್ತಿರ ಹೋಗ್ಬೇಕಿತ್ತು" ಎಂದಳು.

"ಹೋದ್ರೆ ಅನ್‌ಫಿಟ್ ಅಂತ ಬರ್ದು ಕೊಡ್ತಾರೆ. ತಲೆ ತಿರುಗುವ, ವಾಂತಿ ಮಾಡುವ ಡ್ರೈವರಿಗೆ ಸ್ಟೀರಿಂಗು ಕೊಡ್ತಾರಾ? ಖಲಾಸ್. ಮಗಳದ್ದೊಂದು ಮುಗೀಲಿ ಅಂತ ಇದ್ದೆ."

ಅದೇ ದಿನ ಕರಾಮದ ಒಬ್ಬ ಡಾಕ್ಟರ ಹತ್ತಿರ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ. ನಾಲ್ಕನೇ ದಿನ ಗಂಟಲಿನಿಂದ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯ ಕೆಳಬಾಗಿಲಲ್ಲಿ ಗಡ್ಡೆ, ಅದಾಗಲೇ ಲಿವರಿಗೂ ಹಬ್ಬಿತ್ತು. ಆಪರೇಷನ್ನಿನ ಮಾತು ಬೇಡ ಎಂದರು. ಚಂದ್ರಮತಿ ಕಾರಿಡಾರಿನಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿ, ಎರಡು ತಿಂಗಳ ಹಿಂದೆ ಬಂದಿದ್ದರೆ ಎಂದು ಕೇಳಿದಳು. ಆತ ಹೇಳುವುದು ಕಷ್ಟ ಎಂದ. ಅವಳು ಬಿಡಲಿಲ್ಲ. ಆಗ ಆತ, ಎರಡು ತಿಂಗಳಿಗೆ ತುಂಬ ವ್ಯತ್ಯಾಸವಾಗುತ್ತದೆ ಎಂದು ಹೇಳಿ ನಡೆದುಬಿಟ್ಟ.

ಏಪ್ರಿಲ್ ಮೊದಲ ವಾರ ಪೂವಪ್ಪಣ್ಣನನ್ನು ವೀಲ್‌ಚೇರಿನಲ್ಲಿ ಮಂಗಳೂರಿನ ವಿಮಾನಕ್ಕೆ ಹತ್ತಿಸಿದರು. ಏರ್‌ಪೋರ್ಟಿಗೆ ವ್ಯಾನು ಓಡಿಸಿದ್ದು ರೂಮಿನ ರಾಝಿಕ್. "ಮೂರನೇ ಗೇರು ಸ್ವಲ್ಪ ಗಟ್ಟಿ, ನೋಡಿಕೋ," ಎಂದು ಪೂವಪ್ಪಣ್ಣ ಹಿಂದಿನ ಸೀಟಿನಿಂದ ಎರಡು ಸಲ ಹೇಳಿದರು. ಒಳಗೆ ಹೋಗುವ ಮುಂಚೆ ಚಂದ್ರಮತಿಯ ಕೈ ಹಿಡಿದು, "ನಿಮ್ಮ ಪರೀಕ್ಷೆ ಹಾಳು ಮಾಡಿದೆ ಅಕ್ಕ. ಹೊಟ್ಟೆಗೆ ಹಾಕಿಕೊಳ್ಳಿ," ಎಂದರು. ಅವಳು ಅಳುತ್ತ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ, ಕ್ಷಮೆ ಕೇಳಬೇಕಾದದ್ದು ಯಾರು ಎಂದು ಹೊಳೆದು ಅನ್ನ ಸೇರಲಿಲ್ಲ.

ಆಮೇಲಿನದ್ದು ಗೊತ್ತೇ ಇದೆ. ಮೇ ಕೊನೆಯಲ್ಲಿ ಸುದ್ದಿ ಬಂತು. ಲ್ಯಾಬಿನಲ್ಲಿ ಎರಡು ನಿಮಿಷ ಎಲ್ಲರೂ ಎದ್ದು ನಿಂತರು. ಹೊಸ ಡ್ರೈವರು ಬಂದ.

ಜೂನ್ ಎರಡನೇ ವಾರ ಕಂಪೆನಿಗೆ ವರದಿ ಹೋಗಬೇಕಿತ್ತು. ಹನ್ನೊಂದು ಜನರ ಫಲಿತಾಂಶ ಚೆನ್ನಾಗಿತ್ತು, ಪೇಸ್ಟು ಗೆದ್ದಿತ್ತು. ಡಾ. ನತಾಶಾ ಚಂದ್ರಮತಿಯನ್ನು ಕರೆದು ಹನ್ನೆರಡನೇ ಸಾಲು ತೋರಿಸಿದರು. ಮೊದಲ ಸುತ್ತಿನ ಮೇಲೆ ಅವಳೇ ಬರೆದ 'ಸ್ವಯಂಸೇವಕ ನಿಯಮ ಪಾಲಿಸಿಲ್ಲ' ಹಾಗೆಯೇ ಇತ್ತು.

"ಇದನ್ನ ಹೀಗೇ ಬಿಡೋಣ," ಎಂದರು ಅವರು, ದನಿ ತಗ್ಗಿಸಿ. "ಫಾರ್ಮ್ ವಿಷಯ ಹೊರಗೆ ಬಂದ್ರೆ ನಿಮ್ಮ ಜಾಬ್ ಉಳಿಯಲ್ಲ. ಹೋದವರು ಹೋದ್ರು. ಸಹಿ ಮಾಡಿ ಕಳಿಸಿ."

ಅವರು ಹೇಳಿದ್ದು ಅವಳ ಒಳ್ಳೆಯದಕ್ಕೇ. ಚಂದ್ರಮತಿ ತನ್ನ ಮೇಜಿಗೆ ಬಂದು ಕೂತಳು. ಸಹಿಯ ಜಾಗದಲ್ಲಿ ಕರ್ಸರು ಮಿಟುಕುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಭಾರತದ ನಂಬರು, ಯಶ್ಮಿತಾ. ಶವಸಂಸ್ಕಾರದ ದಿನ ಒಮ್ಮೆ ಮಾತಾಡಿದ್ದು ಬಿಟ್ಟರೆ ಮತ್ತೆ ಮಾತಾಗಿರಲಿಲ್ಲ.

"ಆಂಟಿ, ಕೆಲ್ಸದಲ್ಲಿದ್ದೀರಾ? ಒಂದು ಕೇಳ್ಲಿಕ್ಕಿತ್ತು."

"ಹೇಳು ಮಗಾ."

"ಜನವರಿಯಲ್ಲಿ ಅಲ್ಲಿ ಅಪ್ಪನಿಗೆ ಎಂಥ ಟೆಸ್ಟ್ ಮಾಡಿದ್ರಿ?"

"ಯಾವ ಟೆಸ್ಟು?"

"ಫೋನಿನಲ್ಲಿ ಅಪ್ಪನ ದನಿ ಸರಿ ಇರ್ಲಿಲ್ಲ ಆಂಟಿ. ಒತ್ತಾಯ ಮಾಡಿದ ಮೇಲೆ, ವಾಂತಿ ಆಗ್ತದೆ, ಅಮ್ಮನಿಗೆ ಹೇಳ್ಬೇಡ ಅಂತ ನನಗೆ ಹೇಳಿದ್ರು. ಎಂಡೋಸ್ಕೋಪಿ ಮಾಡಿಸಿ ಅಂತ ನಾನು ಜಗಳವೇ ಮಾಡಿದೆ. ಆಗ ಅವರು, ನಮ್ಮ ಲ್ಯಾಬಿನಲ್ಲೇ ಒಂದು ಟೆಸ್ಟ್ ಉಂಟು, ಬಾಯಲ್ಲಿ ಇಟ್ಟುಕೊಂಡ್ರೆ ಒಳಗಿನದ್ದೆಲ್ಲ ಗೊತ್ತಾಗ್ತದೆ, ಯಾರಿಗೂ ಹೇಳುವುದೂ ಬೇಡ, ಚಂದ್ರಕ್ಕನೇ ನೋಡಿ ಹೇಳ್ತಾರೆ ಅಂದ್ರು. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದ್ರು. ಎಷ್ಟು ಖುಷಿಯಲ್ಲಿ ಇದ್ರು ಗೊತ್ತುಂಟಾ? ರಿಪೋರ್ಟ್ ಬಂತು ಮಗಾ, ಏನೂ ಇಲ್ಲವಂತೆ, ಬರೀ ಪುನರ್ಪುಳಿಯ ಹುಳಿಯಂತೆ, ಚಂದ್ರಕ್ಕ ಎರಡೆರಡು ಸಲ ಅಳೆದು ನೋಡಿದ್ದಾರೆ ಅಂದ್ರು. ನಾನೂ ಸುಮ್ಮನಾದೆ. ಇಲ್ಲಿ ನಮ್ಮ ಡಾಕ್ಟರ್ಸ್ ಹತ್ರ ಹೇಳಿದ್ರೆ ಅಂಥ ಟೆಸ್ಟ್ ಇಲ್ಲ ಅಂತಾರೆ. ಅದ್ರ ಹೆಸರು ಎಂಥ ಆಂಟಿ?"

ವ್ಯಾನಿನ ಸಿಗ್ನಲ್ಲು, ನೀವೇ ನೋಡುವುದಲ್ವಾ ಎಂದ ದನಿ, ಬೇರೆ ಎಂಥದೂ ಕಾಣ್ಲಿಲ್ವಾ ಎಂಬ ಪ್ರಶ್ನೆ, ಆಮೇಲಿನ ಆ ದೊಡ್ಡ ಉಸಿರು. ನೀವು ನೋಡಿದ್ರಲ್ಲ. ಹೆಂಡತಿಗೂ ಹೇಳದ, ಡಾಕ್ಟರಿಗೂ ಹೇಳಲಾರದ ಹೆದರಿಕೆಯನ್ನು ಆ ಮನುಷ್ಯ ಹದಿನಾಲ್ಕು ದಿನ ಬಾಯಲ್ಲಿಟ್ಟುಕೊಂಡು ಕಾದು, ಎರಡೂ ಕೈಯಲ್ಲಿ ತಂದು ಅವಳಿಗೆ ಕೊಟ್ಟಿದ್ದರು. ಅವಳು ಬೈದು ಕಳಿಸಿದ್ದಳು.

"ಹಲೋ ಆಂಟಿ? ಕೇಳ್ತದಾ?"

"ಕೇಳ್ತದೆ ಮಗಾ," ಎಂದಳು. "ಅದು ಹಲ್ಲಿನ ಟೆಸ್ಟು. ಪೇಸ್ಟಿನದ್ದು. ರೋಗ ಗೊತ್ತಾಗ್ತದೆ ಅಂತ ನಾನು ಸುಮ್ಮನೆ ಜಂಭಕ್ಕೆ ಹೇಳಿದ್ದು."

ಅವಳು ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು.

"ಆದ್ರೆ ಅದರಲ್ಲಿ ಗೊತ್ತಾಗಿತ್ತು ಮಗಾ. ಮೊದಲನೇ ಸಲವೇ ಕಂಡಿತ್ತು. ಹಿಂದಿನ ಎರಡು ಚೂರಿನಲ್ಲಿ ಇತ್ತು. ನಾನು ನೋಡ್ಲಿಲ್ಲ."

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು, ಯಾರೋ ಯಶ್ಮಿತಾಳನ್ನು ಕರೆಯುವುದು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಚಂದ್ರಮತಿ ಮತ್ತೆ ಮಾಡಿದಳು, ಅವಳು ಎತ್ತಲಿಲ್ಲ.

ಚಂದ್ರಮತಿ ಪರದೆಯ ಕಡೆ ತಿರುಗಿದಳು. ಹನ್ನೆರಡನೇ ಸಾಲಿನ ಸರಾಸರಿಯನ್ನು ಅಳಿಸಿ ಜನವರಿಯ ನಾಲ್ಕೂ ಅಂಕಿಗಳನ್ನು ಅವು ಕೂತಿದ್ದ ಕ್ರಮದಲ್ಲೇ ಬರೆದಳು. 'ಸ್ವಯಂಸೇವಕ ನಿಯಮ ಪಾಲಿಸಿಲ್ಲ' ಎಂಬುದನ್ನು ಅಳಿಸಿದಳು. ಅಲ್ಲಿ, ಸ್ವಯಂಸೇವಕರು ಎಲ್ಲ ನಿಯಮಗಳನ್ನೂ ಪಾಲಿಸಿದ್ದಾರೆ, ಒಂಬತ್ತನೇ ಪ್ರಶ್ನೆಯನ್ನು ಅವರಿಗೆ ಕೇಳಿರಲಿಲ್ಲ, ಉತ್ತರ ಬರೆದದ್ದು ಟೆಕ್ನಿಷಿಯನ್ ಎಂದು ಟೈಪು ಮಾಡಿ, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಕಳಿಸುವ ಗುಂಡಿ ಒತ್ತಿದಳು. ಆಮೇಲೆ ಕಪಾಟಿನಿಂದ ಪೂವಪ್ಪಣ್ಣನ ಗುಲಾಬಿ ಪ್ಲೇಟನ್ನು ತೆಗೆದು, ಖಾಲಿಯಾಗಿದ್ದ ನಾಲ್ಕು ಗುಳಿಗಳ ಮೇಲೆ ಬೆರಳಾಡಿಸುತ್ತ, ಡಾ. ನತಾಶಾ ಕರೆಯುವುದನ್ನು ಕಾಯುತ್ತ ಕೂತಳು.